ಸಾವಿನ್ ಹಬ್ಬದ ಮೇಜು

ಏಪ್ರಿಲ್ ಕೊನೆಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಟಿವಿಗೆ ಸ್ಥಳಾಂತರದ ಯೋಗ. ಅದು ಕೂತಿರುವ ಮೇಜು ನನಗೆ ಬೇಕು. ಸೋಫಾದಲ್ಲಿ ಕಾಲು ಚಾಚಿ ಕ್ರಿಕೆಟ್ ನೋಡುತ್ತಿರುವ ನನ್ನ ಗಂಡ ರೋಶನ್ ತಲೆಯೆತ್ತದೆ, "ಈ ಸಲ ನಿನ್ನ ಸತ್ತವರು ಎಷ್ಟು ದಿವಸ ಇರ್ತಾರೆ?" ಎಂದು ಕೇಳುತ್ತಾನೆ, ರಜೆಗೆ ಬರುವ ನೆಂಟರ ಬಗ್ಗೆ ಕೇಳಿದ ಹಾಗೆ. "ಒಂದು ವಾರ. ನಿನ್ನ ಅಜ್ಜನೂ ಬರ್ತಾರೆ, ಸ್ವಲ್ಪ ಸರಿಯಾಗಿ ಕೂತ್ಕೋ," ಎನ್ನುತ್ತೇನೆ. ಅವನು ನಿಜವಾಗಿಯೂ ಕಾಲು ಮಡಚಿಕೊಳ್ಳುತ್ತಾನೆ. ಬದುಕಿದ್ದಾಗ ಆ ಅಜ್ಜ ಬೆತ್ತ ಹಿಡಿದೇ ಓಡಾಡುತ್ತಿದ್ದವರಂತೆ.

ಇದನ್ನು ಓದಿ ನೀವು ನನ್ನನ್ನು ಮಾಟಗಾತಿ ಎಂದುಕೊಳ್ಳುವ ಮೊದಲು ನನ್ನ ಜಾತಕ ಹೇಳಿಬಿಡುತ್ತೇನೆ. ನಾನು ಐರಿನ್, ಕಿನ್ನಿಗೋಳಿ ಕಡೆಯ ಕ್ರೈಸ್ತರ ಮನೆಯವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು ಆಡಿಕೊಂಡು ಬೆಳೆದೆ. ಭಾನುವಾರ ಇಗರ್ಜಿ ತಪ್ಪಿಸಿದರೆ ಮಧ್ಯಾಹ್ನದ ಊಟದಲ್ಲಿ ಮೀನಿನ ತಲೆ ಮಾತ್ರ ಬಡಿಸುತ್ತಿದ್ದ ತಾಯಿಯ ಮಗಳು. ಅಂಥವಳು ಆಸ್ಟ್ರೇಲಿಯಾಕ್ಕೆ ಬಂದು ಪೂರ್ವಿಕರಿಗೆ ಮೇಜು ಹಾಕುವುದನ್ನು ಕಲಿತದ್ದು ಒಂದು ಕಸದ ರಾಶಿಯ ಮುಂದೆ.

ಆಗ ನಾವು ಸಿಡ್ನಿಯಲ್ಲಿದ್ದೆವು, ಪ್ಯಾರಮಟ್ಟಾದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ. ನನಗೆ ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯೊಂದರಲ್ಲಿ ಕೆಲಸ. ರೋಶನ್‌ಗೆ ಹಗಲು ಕಂಪ್ಯೂಟರ್, ರಾತ್ರಿ ಪಿಆರ್‌ನ, ಅಂದರೆ ಕಾಯಂ ವಾಸದ ಪರವಾನಗಿಯ, ಕನಸು. ಅಲ್ಲಿ ವರ್ಷಕ್ಕೆ ಒಂದೆರಡು ಸಲ ಜನ ತಮಗೆ ಬೇಡವಾದ ಮಂಚ, ಕುರ್ಚಿ, ಸೋಫಾಗಳನ್ನು ರಸ್ತೆ ಬದಿಗೆ ತಂದಿಡುತ್ತಾರೆ. ಕೌನ್ಸಿಲ್‌ನ ಲಾರಿ ಬಂದು ಒಯ್ಯುತ್ತದೆ. ಲಾರಿ ಬರುವ ಮೊದಲು ನಮ್ಮಂಥ ಹೊಸಬರು ಬಂದು ಒಯ್ಯುತ್ತೇವೆ. ಮೊದಮೊದಲು ನಮಗೆ ಭಾರಿ ನಾಚಿಕೆ. ವಾಕಿಂಗ್ ಹೊರಟವರ ಹಾಗೆ ಕೈ ಬೀಸಿಕೊಂಡು ಹೋಗುವುದು, ರಾಶಿಯ ಮುಂದೆ ಶೂ ಲೇಸ್ ಬಿಚ್ಚಿಹೋದ ಹಾಗೆ ಬಗ್ಗುವುದು, ಬಗ್ಗಿದಲ್ಲಿಂದಲೇ ಕುರ್ಚಿಯ ಕಾಲು ಗಟ್ಟಿಯಿದೆಯೇ ಎಂದು ನೋಡುವುದು. ಒಮ್ಮೆ ಹಾಗೆ ಹೊರಟ ದಿನ ರೋಶನ್ ಹಾಕಿಕೊಂಡದ್ದು ಚಪ್ಪಲಿ. ಆದರೂ ಬಗ್ಗಿದ.

ರಾಶಿಯಲ್ಲಿ ಅರ್ಧಚಂದ್ರಾಕಾರದ ಒಂದು ಚೆಂದದ ಮೇಜಿತ್ತು. ನಾವು ಒಂದು ತುದಿ ಹಿಡಿಯುವುದಕ್ಕೂ ಇನ್ನೊಂದು ತುದಿಯ ಮೇಲೆ ಇನ್ನೊಂದು ಕೈ ಬೀಳುವುದಕ್ಕೂ ಸರಿಹೋಯಿತು. ನೋಡಿದರೆ ನಮ್ಮ ಎದುರು ಮನೆಯ ಹೆಂಗಸು. ಎತ್ತರದ ಆಳು, ನೇರಳೆ ಬಣ್ಣ ಹಚ್ಚಿದ ಕೂದಲು, ತೋಳಿನ ತುಂಬ ಹಚ್ಚೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆಂದು ಗೊತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ನಗುವಷ್ಟು ಪರಿಚಯ. ಹೆಸರು ಡೆಬ್. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಊರಿನಲ್ಲಾಗಿದ್ದರೆ 'ಅವರು' ಎನ್ನಬೇಕಿತ್ತು, ಆದರೆ ಇಂಗ್ಲಿಷಿನಲ್ಲಿ ಮಾತಾಡುತ್ತ ಮಾತಾಡುತ್ತ ನನ್ನ ಮನಸ್ಸಿನಲ್ಲಿ 'ಅವಳು' ಆಗಿಯೇ ಉಳಿದಳು.

"ನಿಮಗೆ ಯಾತಕ್ಕೆ?" ಎಂದು ಕೇಳಿದಳು.

"ಟಿವಿ ಇಡ್ಲಿಕ್ಕೆ," ಎಂದೆ. "ನಿಮಗೆ?"

"ಸತ್ತವರಿಗೆ."

ರೋಶನ್ ಮೇಜಿನ ತುದಿಯನ್ನು ತನ್ನ ಚಪ್ಪಲಿ ಕಾಲಿನ ಮೇಲೆಯೇ ಇಳಿಸಿದ.

ಸತ್ತವರ ಜೊತೆ ಜಗಳವಾಡಲಾದೀತೇ? ಮೇಜು ಅವಳಿಗೇ ಹೋಯಿತು. ಹೊತ್ತದ್ದು ಮಾತ್ರ ನಾವು. ಮೂರು ಮಹಡಿ ಏರಿ ಅವಳ ಮನೆಯಲ್ಲಿಟ್ಟ ಮೇಲೆ ಚಹಾ ಕೊಟ್ಟಳು, ವಿವರವನ್ನೂ ಕೊಟ್ಟಳು. ತಾನು ಪೇಗನ್, ಅಂದರೆ ಮರ, ನೆಲ, ಋತುಗಳನ್ನು ಪೂಜಿಸುವ ಹಳೆಯ ಕಾಲದ ಯುರೋಪಿನ ಪದ್ಧತಿಯವಳು. ವರ್ಷಕ್ಕೊಮ್ಮೆ ಎಲೆ ಉದುರುವ ಕಾಲದಲ್ಲಿ ಮನೆಯಲ್ಲಿ ಒಂದು ಪೀಠ ಅಣಿಮಾಡಿ ತೀರಿಕೊಂಡ ಹಿರಿಯರನ್ನು ಊಟಕ್ಕೆ ಕರೆಯುತ್ತಾಳೆ. ಆ ಹಬ್ಬದ ಹೆಸರನ್ನು ಬರೆಯುವುದು ಒಂದು ಥರ, ಹೇಳುವುದು ಇನ್ನೊಂದು ಥರ, ಹೇಳುವಾಗ 'ಸಾವಿನ್'.

ನಾನು ಚಹಾ ಕಪ್ಪು ಕೆಳಗಿಟ್ಟೆ. "ಇನ್ನೊಮ್ಮೆ ಹೇಳು."

"ಸಾವಿನ್."

"ನಮ್ಮ ಭಾಷೆಯಲ್ಲಿ ಸಾವು ಅಂದ್ರೆ ಡೆತ್. ಸಾವಿನ ಹಬ್ಬ ಅಂದ್ರೆ ಸತ್ತವರ ಹಬ್ಬ ಅಂತಲೇ ಆಗ್ತದೆ!"

ಡೆಬ್ ಎದ್ದು ನಿಂತು ನನ್ನನ್ನು ಅಪ್ಪಿಕೊಂಡಳು. ಎರಡು ಸಾವಿರ ವರ್ಷ ಹಿಂದೆ ನಮ್ಮಿಬ್ಬರ ಅಜ್ಜಂದಿರು ಒಂದೇ ಬೆಂಕಿಯ ಮುಂದೆ ಕೂತಿದ್ದರೆಂದು ಅವಳು ಆ ಕ್ಷಣದಲ್ಲೇ ತೀರ್ಮಾನಿಸಿದಳು. ಭಾಷಾಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ. ಅವರಿಗೆ ಮೂರು ಮಹಡಿ ಮೇಜು ಹೊತ್ತ ಸುಸ್ತು ಗೊತ್ತಿಲ್ಲ.

"ಆದರೆ ಇದು ಅಕ್ಟೋಬರಿನಲ್ಲಿ ಬರುವ ಭೂತದ ಹಬ್ಬ ಅಲ್ವಾ? ನಮ್ಮ ಆಫೀಸಿನಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ನೇತು ಹಾಕ್ತಾರಲ್ಲ," ಎಂದು ಕೇಳಿದೆ.

ಡೆಬ್‌ಗೆ ನಿಜವಾದ ಸಿಟ್ಟು ಬಂತು. "ಅಕ್ಟೋಬರಿನಲ್ಲಿ ಇಲ್ಲಿ ವಸಂತಕಾಲ. ಮರದ ತುಂಬ ಹೂವು, ಮುಖದ ತುಂಬ ನೊಣ. ಹಾಗಿರುವಾಗ ಯಾವ ಸತ್ತವನು ಬರ್ತಾನೆ? ಕ್ಯಾಲೆಂಡರ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು. ಇಳಿಸಿದವರು ಅದನ್ನು ತಿರುಗಿಸಿ ಗೋಡೆಗೆ ಹೊಡೆಯಲು ಮರೆತರು, ಅಷ್ಟೇ. ಇಲ್ಲಿ ಎಲೆ ಉದುರುವುದು ಏಪ್ರಿಲ್‌ನಲ್ಲಿ. ನಮ್ಮವರು ಬರುವುದೂ ಏಪ್ರಿಲ್‌ನಲ್ಲಿ."

ಈ ಮಾತು ನನಗೆ ನಾಟಿತು, ಯಾಕೆಂದರೆ ತಲೆಕೆಳಗಾದ ಋತುಗಳ ಏಟನ್ನು ನಾನೂ ತಿಂದಿದ್ದೆ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬರುತ್ತದೆ; ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಅಕ್ಕಿಯ ಊಟದ ದಿನ. ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹೂವು ಕೊಯ್ಯುವ ನೆಪದಲ್ಲಿ ಬೇರೆಯವರ ಬೇಲಿ ಹಾರುವುದಕ್ಕೆ ಅಂದು ಪಾಪ ಇಲ್ಲ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅಕ್ಕಿಕಾಳು ಬಿಡಿಸಿ ಪುಡಿಮಾಡಿ ತೆಂಗಿನ ಹಾಲಿಗೆ ಸೇರಿಸಿ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಸಿಡ್ನಿಯಲ್ಲಿ ನಮ್ಮ ಕಡೆಯವರೆಲ್ಲ ಹಾಲ್ ಹಿಡಿದು ಈ ಹಬ್ಬ ಮಾಡಿದ ವರ್ಷ ತೆನೆಗೆ ಬರಗಾಲ. ಊರಿನಿಂದ ತರಲು ಏರ್‌ಪೋರ್ಟಿನವರು ಬಿಡುವುದಿಲ್ಲ. ಇಲ್ಲಿ ಭತ್ತ ಕೊಯ್ಯುವುದು ಆರು ತಿಂಗಳ ಆಚೆ. ಕೊನೆಗೆ ಯಾರೋ ಹೂವಿನಂಗಡಿಯಿಂದ ಒಣಗಿದ ಗೋಧಿ ತೆನೆ ತಂದರು. ಬಂಗಾರದ ಬಣ್ಣ, ಹೊಳೆಯುತ್ತಿತ್ತು. ಎಲ್ಲರೂ ಭಕ್ತಿಯಿಂದ ಮನೆಗೆ ಒಯ್ದೆವು. ನಾನು ಅದನ್ನು ಮಿಕ್ಸಿಗೆ ಹಾಕಿದ ಮೇಲೆ ಹಾಲೂ ಹೊಳೆಯತೊಡಗಿತು. ಅದು ಸ್ಪ್ರೇ ಪೇಂಟ್. ಡೆಬ್‌ಗೆ ಈ ಕಥೆ ಹೇಳಿದಾಗ ನಗುತ್ತ ಕೆಳಗೆ ಬೀಳುವುದೊಂದು ಬಾಕಿ. "ನಿಮ್ಮ ಮರಿಯಮ್ಮನವರನ್ನೂ ಮಾರ್ಚ್‌ನಲ್ಲಿ ಹುಟ್ಟಿಸಿ," ಎಂದಳು. ಇದನ್ನು ನಾನು ಊರಿನಲ್ಲಿ ಯಾರಿಗೂ ಹೇಳಿಲ್ಲ.

ಆ ಏಪ್ರಿಲ್‌ನ ಕೊನೆಯ ಸಂಜೆ ಅವಳ ಮನೆಗೆ ಊಟಕ್ಕೆ ಹೋದೆವು. ಮೇಜಿನ ಮೇಲೆ ಕಂದು ಬಟ್ಟೆ, ಉದುರಿದ ಎಲೆ, ಸೇಬು, ಕುಂಬಳಕಾಯಿ, ನೀಲಗಿರಿಯ ಬೀಜಗಳು. ಎಲ್ಲಕ್ಕಿಂತ ಮುಂದೆ ಒಂದು ಬಟ್ಟಲು ನೀರು. "ಅದು ಈ ನೆಲದ ಮೂಲ ಹಿರಿಯರಿಗೆ. ನಾವೆಲ್ಲ ಅವರ ಅಂಗಳದಲ್ಲಿ ಕೂತಿರೋದು. ಮೊದಲು ಅವರನ್ನು ಕೇಳಬೇಕು," ಎಂದಳು. ಅದರ ಹಿಂದೆ ಅವಳ ಅಪ್ಪನ ಫೋಟೊ, ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಮನುಷ್ಯನಂತೆ. ಅವನಿಗೊಂದು ಬಿಯರ್. ನಾನು ನನ್ನ ಅಜ್ಜನ ಫೋಟೊ ಒಯ್ದಿದ್ದೆ, ಜೊತೆಗೆ ಚಳಿಗೆ ಉಬ್ಬದೆ ಕಲ್ಲಾದ ಸಾನ್ನಾಂ. ಅಂದರೆ ನಮ್ಮ ಕಡೆಯ ಇಡ್ಲಿ.

ನಿಯಮ ಏನೆಂದರೆ ಊಟ ಮುಗಿಯುವ ತನಕ ಯಾರೂ ಮಾತಾಡಬಾರದು. ಸತ್ತವರಿಗೂ ಒಂದು ತಟ್ಟೆ ಬಡಿಸಿ, ಅವರು ಬಂದರೆ ಕೇಳಿಸುವಷ್ಟು ಸುಮ್ಮನಿರಬೇಕು. ಮಾತಿಲ್ಲದೆ ಊಟ ಮಾಡಿ ನೋಡಿ. ನಮ್ಮ ಹಲ್ಲಿನ ಸದ್ದು ನಮಗೇ ಗಾಬರಿ ಹುಟ್ಟಿಸುತ್ತದೆ. ಎರಡು ತುತ್ತಿಗೆ ರೋಶನ್‌ನ ಮುಖ ಕೆಂಪಾಯಿತು. ಉಪ್ಪು ಬೇಕು, ಕೇಳುವಂತಿಲ್ಲ. ಅವನು ಕೈಸನ್ನೆಯಲ್ಲಿ ಉಪ್ಪನ್ನು ವಿವರಿಸುತ್ತಿರುವಾಗ ನನ್ನ ಫೋನ್ ಬಡಿದುಕೊಂಡಿತು. ಊರಿನಿಂದ ಅಮ್ಮ. ತೆಗೆಯದಿದ್ದರೆ ಅವಳು ಮಂಗಳೂರಿನಿಂದಲೇ ಪೊಲೀಸರನ್ನು ಕಳಿಸುವ ಪೈಕಿ. ತೆಗೆದೆ, ಮಾತಾಡಲಿಲ್ಲ. "ಬಾಯೆ? ಮಗಳೇ? ಕೇಳ್ತದಾ? ಉಸಿರು ಕೇಳ್ತದೆ, ಮಾತು ಇಲ್ಲ, ಎಂತ ಆಯ್ತು ಇವಳಿಗೆ!" ಎಂದು ಅಮ್ಮ ಕೂಗುವುದು ಇಡೀ ಕೋಣೆಗೆ ಕೇಳಿಸಿತು. ಡೆಬ್ ಕಣ್ಣು ಮುಚ್ಚಿ ತಲೆಯಾಡಿಸಿದಳು. ಯಾವುದೋ ಅಜ್ಜಿ ಬಂದೇಬಿಟ್ಟಳೆಂದು ಅವಳು ತಿಳಿದಿದ್ದಳಂತೆ.

ಇದಾದ ಮೇಲೆ ಪಿಆರ್ ಬಂತು, ಮಗಳು ಮಿಶೆಲ್ ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು, ಸಿಡ್ನಿಯಲ್ಲಿ ಮನೆ ಕೊಳ್ಳುವುದು ನಮ್ಮ ಕೈಲಿಲ್ಲವೆಂದು ಖಾತ್ರಿಯಾಯಿತು. ಮೆಲ್ಬರ್ನ್‌ನ ವಿಂಡಮ್ ವೇಲ್‌ಗೆ ಬಂದೆವು. ಹೊಚ್ಚ ಹೊಸ ಬಡಾವಣೆ. ಒಂದೇ ಅಚ್ಚಿನ ಮನೆಗಳು, ಕೋಲಿಗೆ ಕಟ್ಟಿ ನಿಲ್ಲಿಸಿದ ಗಿಡಗಳು, ಬೀದಿಗಳಿಗೆಲ್ಲ ಹಕ್ಕಿಗಳ ಹೆಸರು. ಹಕ್ಕಿ ಮಾತ್ರ ಬರಲು ಮರ ಬೆಳೆಯಬೇಕು. ಮೊದಲ ತಿಂಗಳು ನಾನು ಎರಡು ಸಲ ಬೇರೆಯವರ ಮನೆಯ ಬಾಗಿಲಿಗೆ ನನ್ನ ಬೀಗದ ಕೈ ಹಾಕಿದ್ದೆ.

ಅಲ್ಲಿಗೆ ಬಂದ ಮರುವರ್ಷದ ಫೆಬ್ರುವರಿಯಲ್ಲಿ ಪಪ್ಪ ತೀರಿಕೊಂಡರು.

ಪಪ್ಪ ದರ್ಜಿ. ನಮ್ಮ ಊರಿನ ಅರ್ಧ ಮದುವೆಯ ಸೂಟುಗಳು, ಬಹುಪಾಲು ಸಾವಿನ ಸೂಟುಗಳು ಅವರ ಕೈಯವು. ನಮ್ಮಲ್ಲಿ ಸತ್ತವರಿಗೆ ಒಳ್ಳೆಯ ಬಟ್ಟೆ ತೊಡಿಸಿಯೇ ಪೆಟ್ಟಿಗೆಯಲ್ಲಿ ಮಲಗಿಸುವುದು. ಸೂಟಿಲ್ಲದವನು ಸತ್ತರೆ ಬೆಳಗಾಗುವುದರೊಳಗೆ ಹೊಲಿದು ಕೊಡಬೇಕು. ಪಪ್ಪ ಕೋಟಿನ ಎದುರು ಭಾಗವನ್ನು ಮುತುವರ್ಜಿಯಿಂದ ಹೊಲಿದು ಬೆನ್ನಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದರು. ಕೇಳಿದರೆ, "ಅವನು ಇನ್ನು ಯಾರಿಗೂ ಬೆನ್ನು ತೋರಿಸುವುದಿಲ್ಲ," ಎನ್ನುತ್ತಿದ್ದರು. ಅಂಥವರ ಮಗಳಾದ ನನಗೆ ಇಂದಿಗೂ ಸೂಜಿಗೆ ದಾರ ಪೋಣಿಸಲು ಕನ್ನಡಕ, ಕಿಟಕಿಯ ಬೆಳಕು, ಒಂದು ಪ್ರಾರ್ಥನೆ ಬೇಕು.

ಅಂತ್ಯಕ್ರಿಯೆ ಮುಗಿಸಿ ಬಂದೆ. ಏಪ್ರಿಲ್ ಮೊದಲ ವಾರ ಅಮ್ಮನನ್ನು ಕರೆಸಿಕೊಂಡೆವು. ಏರ್‌ಪೋರ್ಟಿನಲ್ಲಿ ಅಧಿಕಾರಿ ಅವಳ ಚೀಲದ ಒಣ ಸಿಗಡಿಯನ್ನು ತೆಗೆದು ಕಸಕ್ಕೆ ಹಾಕಿದ. ಆಮೇಲೆ ಮರಿಯಮ್ಮನ ಆಕಾರದ ಪ್ಲಾಸ್ಟಿಕ್ ಬಾಟಲಿ ಹಿಡಿದು, ನೀಲಿ ಕಿರೀಟ ತಿರುಗಿಸಿ, ಒಳಗಿನ ತೀರ್ಥವನ್ನು ಮೂಸಿ, ಗೌರವದಿಂದ ಕಿರೀಟ ಮುಚ್ಚಿ ವಾಪಸು ಕೊಟ್ಟನಂತೆ. ಇಷ್ಟು ಒಳ್ಳೆಯ ಕಥೆಯನ್ನು ಅಮ್ಮ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದಾಗಲೇ ನನಗೆ ಹೆದರಿಕೆಯಾಯಿತು. ನಮ್ಮ ಅಮ್ಮ ಲಿಲ್ಲಿಬಾಯಿ ಮಾತಿಗೆ ಹೆಸರಾದವಳು. ಇಲ್ಲಿ ಬಂದು ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದಳು. ಅಳಲಿಲ್ಲ, ಬೈಯಲಿಲ್ಲ.

ಒಂದು ಸಂಜೆ ಅವಳನ್ನು ವಾಕಿಂಗ್‌ಗೆ ಕರೆದೊಯ್ದೆ. ಬೀದಿಯ ಕೊನೆಯವರೆಗೂ ಸುಮ್ಮನೆ ಬಂದವಳು ಅಲ್ಲಿ ನಿಂತು, "ಇಲ್ಲಿ ಸಿಮಿತ್ರಿ ಎಲ್ಲಿ ಉಂಟು?" ಎಂದಳು. ಸಿಮಿತ್ರಿಯೆಂದರೆ ಇಗರ್ಜಿಯ ಪಕ್ಕದ ನಮ್ಮ ಸ್ಮಶಾನ.

"ಈ ಸಬರ್ಬ್ ಹೊಸದು ಮಾಂಯ್. ಇಲ್ಲಿ ಸಿಮಿತ್ರಿ ಇಲ್ಲ. ಕಾರಿನಲ್ಲಿ ಹೋಗ್ಬೇಕು."

"ಸತ್ತವರೇ ಇಲ್ಲದ ಊರಾ?" ಅಮ್ಮ ಆ ಹೊಸ ಮನೆಗಳ ಸಾಲು ನೋಡಿದಳು. "ಹಾಗಾದ್ರೆ ಹೋದವರ ಬಗ್ಗೆ ಇಲ್ಲಿ ಯಾರ ಹತ್ರ ಮಾತಾಡುವುದು?"

ಆ ತಿಂಗಳ ಕೊನೆಗೆ ಡೆಬ್ ಬಂದಳು. ಅವಳ ಅಕ್ಕ ಜೀಲಾಂಗ್‌ನಲ್ಲಿದ್ದಳು. ದಾರಿಯಲ್ಲಿ ನಮ್ಮಲ್ಲಿ ನಾಲ್ಕು ದಿನ ಇದ್ದು ಹೋಗುವ ಯೋಚನೆ. ವ್ಯಾನಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು, ಅದರ ತುಂಬ ಎಲೆ, ಕಾಯಿ, ಅಪ್ಪನ ಫೋಟೊ. ಈ ಹಬ್ಬದ ವಿಷಯ ನಾನು ಅಮ್ಮನಿಗೆ ಹೇಳಿರಲಿಲ್ಲ.

"ಇವಳ ಹೆಸರೆಂತ?"

"ಡೆಬ್."

"ದೇವ್?" ಅಮ್ಮ ಹುಬ್ಬೇರಿಸಿದಳು. ಕೊಂಕಣಿಯಲ್ಲಿ ದೇವ್ ಎಂದರೆ ದೇವರು. "ಹೆಣ್ಣಿಗೆ ದೇವ್ ಅಂತ ಹೆಸರಿಡ್ತಾರಾ? ಯಾವ ಇಗರ್ಜಿಯವಳು?"

"ಇಗರ್ಜಿ ಇಲ್ಲ ಮಾಂಯ್. ಅವಳು ಮರ, ನೆಲ, ಹಿರಿಯರನ್ನೆಲ್ಲ..."

ಮುಂದಿನದನ್ನು ಮಿಶೆಲ್ ಮುಗಿಸಿದಳು. ನಾವು ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ, ಅಜ್ಜಿಯನ್ನು 'ನಾನಾ' ಎನ್ನುವ ಮಗು ಅದು. "ಶಿ ಈಸ್ ಎ ವಿಚ್, ನಾನಾ. ಎ ನೈಸ್ ವಿಚ್."

ಅಮ್ಮನಿಗೆ ಇಂಗ್ಲಿಷ್ ಕಡಿಮೆ, ಆದರೆ ಆ ಪದ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನಾನು ನೋಡಿದರೆ, ಡೆಬ್ ಮಲಗುವ ಕೋಣೆಯ ನಾಲ್ಕೂ ಮೂಲೆಗೆ ಮರಿಯಮ್ಮನ ಬಾಟಲಿಯಿಂದ ತೀರ್ಥ ಬೀಳುತ್ತಿದೆ. ಡೆಬ್ ಬಾಗಿಲಲ್ಲಿ ನಿಂತು ಕೈಮುಗಿದು, "ಬ್ಯೂಟಿಫುಲ್. ಹಾಸಿಗೆಗೂ ಸ್ವಲ್ಪ ಹಾಕಿ," ಎಂದಳು. ಅಮ್ಮ ಹಾಸಿಗೆಗೂ ಹಾಕಿದಳು.

ಮರುದಿನ ಟಿವಿ ಕೆಳಗಿಳಿಸಿ ಮೇಜು ಅಣಿಮಾಡುವಾಗ ನಾನು ಪಪ್ಪನ ಫೋಟೊ ತಂದೆ. ಅಮ್ಮ ಅಡುಗೆಮನೆಯಿಂದ ಬಂದವಳೇ ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು.

"ಬೇಡ. ಪಪ್ಪನಿಗೆ ಊರ ಇಗರ್ಜಿಯಲ್ಲಿ ಪೂಜೆ ಹೇಳಿಸಿ ಆಗಿದೆ, ವರ್ಷ ತುಂಬುವಾಗ ಇನ್ನೊಂದು ಉಂಟು. ಅವರನ್ನು ಕುಂಬಳಕಾಯಿ ಪಕ್ಕ ಕೂರಿಸ್ಲಿಕ್ಕೆ ನಾನು ಬಿಡುವುದಿಲ್ಲ."

ಬಂದು ಮೂರು ವಾರದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ನನಗೆ ಒಂದು ಕಡೆ ಅವಮಾನ, ಇನ್ನೊಂದು ಕಡೆ ಅಮ್ಮ ಸಿಟ್ಟಾದಳಲ್ಲ ಎಂಬ ಸಂತೋಷ. ಡೆಬ್‌ಗೆ ಭಾಷೆ ತಿಳಿಯದಿದ್ದರೂ ಸ್ವರ ತಿಳಿಯಿತು. "ಪರವಾಗಿಲ್ಲ ಲವ್. ಬರಲು ಮನಸ್ಸಿಲ್ಲದವರನ್ನು ಎಳೆದು ತರುವ ಹಬ್ಬ ಅಲ್ಲ ಇದು," ಎಂದು ತನ್ನ ಪಾಡಿಗೆ ಎಲೆ ಜೋಡಿಸತೊಡಗಿದಳು. ಕೊನೆಗೆ ಪೆಟ್ಟಿಗೆಯ ತಳದಿಂದ ಹೊಳೆಯಲ್ಲಿ ಸವೆದು ನುಣುಪಾದ ಒಂದು ಬಿಳಿ ಕಲ್ಲು ತೆಗೆದು ಮೇಜಿನ ನಡುಮಧ್ಯೆ ಇಟ್ಟಳು.

ಅಮ್ಮ ಹೊರಟವಳು ನಿಂತಳು. "ಆ ಕಲ್ಲು ಯಾರಿಗೆ, ಕೇಳು."

ಕೇಳಿದೆ.

"ಹೆಸರಿಲ್ಲದವರಿಗೆ," ಎಂದಳು ಡೆಬ್. "ಪ್ರತಿ ಮನೆಯಲ್ಲೂ ಒಬ್ಬರಾದರೂ ಇರ್ತಾರೆ. ಫೋಟೊ ಇಲ್ಲ, ಯಾರೂ ಅವರ ಸುದ್ದಿ ಎತ್ತುವುದಿಲ್ಲ. ಅವರಿಗೆ ನಡುವಿನ ಜಾಗ."

ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ. ಅಮ್ಮ ಒಳಗೆ ಹೋದಳು. ನಲ್ಲಿಯ ಸದ್ದು ಕೇಳಿಸಲಿಲ್ಲ. ಹೋಗಿ ನೋಡಿದರೆ ಸಿಂಕಿನ ಮುಂದೆ ಕೈ ಒದ್ದೆ ಮಾಡದೆ ನಿಂತಿದ್ದಳು.

"ಬಾಯೆ, ನಿನಗಿಂತ ಮೊದಲು ಒಬ್ಬ ಇದ್ದ," ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾರು?"

"ಗಂಡು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ. ದೀಕ್ಷಾಸ್ನಾನ ಆಗದ ಮಗುವನ್ನು ಆಗ ಸಿಮಿತ್ರಿಯ ಒಳಗೆ ಬಿಡ್ತಿರಲಿಲ್ಲ. ಪಪ್ಪ ಒಬ್ಬರೇ ತಗೊಂಡು ಹೋದರು, ಗೋಡೆಯ ಹೊರಗೆ. ನಾನು ಇನ್ನೂ ಚಾಪೆಯ ಮೇಲೆ. ಹೆರಿಗೆ ಮಾಡಿಸಿದವರು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟರು ಬಾಯೆ. ಊರಿಗೆಲ್ಲ ಹೊಲಿದವರು ಪಪ್ಪ, ದರ್ಜಿಯ ಮಗನಿಗೆ ಅಂಗಿ ಇರಲಿಲ್ಲ."

ಇಷ್ಟು ವರ್ಷ ನಾನೇ ಮೊದಲ ಮಗು ಎಂದು ಮೆರೆದಿದ್ದೆ.

"ಪಪ್ಪ ಆಮೇಲೆ ಅವನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಅಷ್ಟು ಸಾಕಿತ್ತು. ಈಗ ಪಪ್ಪ ಹೋದರು. ಅವನು ಇದ್ದ ಅಂತ ಗೊತ್ತಿರುವವಳು ಇನ್ನು ನಾನೊಬ್ಬಳೇ ಅಂತ ಆಯ್ತಲ್ಲ. ಅದೇ ತಲೆಯಲ್ಲಿ ತಿರುಗ್ತಾ ಉಂಟು."

ನಾನು ಅವಳನ್ನು ಹಿಡಿದುಕೊಂಡೆ. ಆಗ ಅಮ್ಮ ಅತ್ತಳು. ಪಪ್ಪನಿಗಾಗಿಯೋ ಆ ಮಗುವಿಗಾಗಿಯೋ ಕೇಳಲಿಲ್ಲ. ಹೊರಗೆ ಡೆಬ್ ಮಿಶೆಲ್‌ಗೆ, "ಬಾ, ಅಂಗಳದಲ್ಲಿ ಇನ್ನಷ್ಟು ಎಲೆ ಹುಡುಕೋಣ," ಎನ್ನುವುದು ಕೇಳಿಸಿತು. ನಮ್ಮ ಅಂಗಳದಲ್ಲಿ ಇದ್ದದ್ದು ಒಂದೇ ಗಿಡ, ಅದಕ್ಕೆ ಎಲೆಯೂ ಹೆಚ್ಚಿರಲಿಲ್ಲ. ಆದರೂ ಇಬ್ಬರೂ ಬಹಳ ಹೊತ್ತು ಹುಡುಕಿದರು.

ಮಾರನೆಯ ಬೆಳಿಗ್ಗೆ ಅಮ್ಮ, "ನಿನ್ನ ಹೊಲಿಗೆ ಮಿಷನ್ ಕೊಡು," ಎಂದಳು. ಪರದೆಯ ಅಂಚು ಹೊಲಿಯಲೆಂದು ಕೊಂಡ ಪುಟ್ಟ ಯಂತ್ರ ಅದು. ನನ್ನ ಕೈಗೆ ಸಿಕ್ಕಿ ದಾರದ ಮುದ್ದೆಯಾಗಿ ಕಪಾಟು ಸೇರಿತ್ತು. ಅಮ್ಮ ಅದನ್ನು ನೋಡಿ, "ಪಪ್ಪ ನೋಡಿದ್ರೆ ಇನ್ನೊಮ್ಮೆ ಸಾಯ್ತಿದ್ದರು," ಎಂದಳು. ಸಿಕ್ಕು ಬಿಡಿಸಿ, ಎಣ್ಣೆ ಬಿಟ್ಟು, ತನ್ನ ಹಳೆಯ ಹತ್ತಿ ಸೀರೆಯ ಮೆತ್ತಗಾದ ಭಾಗವನ್ನು ಕತ್ತರಿಸಿ, ಅಳತೆಪಟ್ಟಿ ಇಲ್ಲದೆ ಗೇಣಿನಲ್ಲೇ ಅಳೆದು ಕೂಸಿನ ಅಂಗಿ ಹೊಲಿದಳು. ಎದುರು ಭಾಗ ಮುಗಿಯಿತು. ಬೆನ್ನಿಗೆ ಬಂದಾಗ ನಾನು ಬಗ್ಗಿ ನೋಡಿದೆ. ಅಲ್ಲಿಯೂ ಅಷ್ಟೇ ಸಣ್ಣ ಹೊಲಿಗೆ.

ಸಂಜೆ ಅಂಗಿಯನ್ನು ಮಡಚಿ ತಾನೇ ಒಯ್ದು ಬಿಳಿ ಕಲ್ಲಿನ ಪಕ್ಕ ಇಟ್ಟಳು. ಡೆಬ್‌ಗೆ ನಾನು ವಿಷಯ ಹೇಳಿದ್ದೆ. ಅವಳು ಎದೆಯ ಮೇಲೆ ಕೈಯಿಟ್ಟು ಅಮ್ಮನ ಮುಂದೆ ತಲೆಬಾಗಿಸಿದಳು.

ಮಿಶೆಲ್ ಕೇಳಿದಳು, "ವಾಟ್ಸ್ ಹಿಸ್ ನೇಮ್, ನಾನಾ?"

"ಹೆಸರಿಲ್ಲ ಮಗಾ."

"ಕ್ಯಾನ್ ಐ ಗಿವ್ ಹಿಮ್ ಒನ್?"

ನಾನು ಅನುವಾದಿಸುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು. ಮೊಮ್ಮಗಳ ತಲೆ ನೇವರಿಸಿ, "ಬೇಡ. ಇಷ್ಟು ವರ್ಷದಲ್ಲಿ ಅಲ್ಲಿ ಯಾರಾದ್ರೂ ಇಟ್ಟಿರ್ತಾರೆ. ನಾವು ಇನ್ನೊಂದು ಇಟ್ಟು ಅವನಿಗೆ ಗೊಂದಲ ಮಾಡುವುದು ಬೇಡ. ಮಾಮ ಅಂತ ಕರೆ, ಸಾಕು," ಎಂದಳು. ಮಿಶೆಲ್ ಅಂಗಿಯ ಕಡೆ ತಿರುಗಿ, "ಹಲೋ ಮಾಮ," ಎಂದಳು. ಅವಳ ಬಾಯಿಂದ ಒತ್ತಾಯವಿಲ್ಲದೆ ಹೊರಟ ನಮ್ಮ ಭಾಷೆಯ ಮೊದಲ ಪದ ಅದೇ ಇರಬೇಕು.

ಊಟಕ್ಕೆ ಕೂತೆವು. ಈ ಸಲ ಸಾನ್ನಾಂ ಅಮ್ಮನ ಕೈಯದು, ಹೂವಿನ ಹಾಗೆ ಉಬ್ಬಿದ್ದವು. ಹೆಸರಿಲ್ಲದವರಿಗೂ ತಟ್ಟೆ ಬಡಿಸಿದೆವು. ಮಾತಾಡಬಾರದೆಂಬ ನಿಯಮವನ್ನು ನಾನು ಅಮ್ಮನಿಗೆ ವಿವರಿಸಿದೆ. ಅವಳು ತಲೆಯಾಡಿಸಿದಳು. ಬಡಿಸಿದ ಸಾನ್ನಾಂ ಅರ್ಧ ಮುಗಿಯುವುದರೊಳಗೆ, "ಪಪ್ಪನ ಮೊದಲ ಮಿಷನ್ ಹೇಗೆ ಬಂತು ಗೊತ್ತುಂಟಾ?" ಎಂದು ಶುರುಮಾಡಿದಳು. ನಾನು ಗಾಬರಿಯಾಗಿ ಡೆಬ್ ಕಡೆ ನೋಡಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಸುಮ್ಮನಿರಿಸಿದಳು.

ಆಮೇಲೆ ಅಮ್ಮ ನಿಲ್ಲಲಿಲ್ಲ. ಪಪ್ಪ ತಮ್ಮ ಮದುವೆಯ ಕೋಟನ್ನು ಮದುವೆಯ ಬೆಳಿಗ್ಗೆ ಗಿರಾಕಿಯೊಬ್ಬನಿಗೆ ಕೊಟ್ಟು ಸಾಲದ ಕೋಟಿನಲ್ಲಿ ಇಗರ್ಜಿಗೆ ಬಂದದ್ದು, ಆ ತೋಳು ಉದ್ದವಾಗಿ ಉಂಗುರ ತೊಡಿಸುವಾಗ ಬೆರಳೇ ಕಾಣದ್ದು, ಬಸುರಿಯಾಗಿದ್ದಾಗ ತನಗೆ ಹಲಸಿನ ಕಡುಬು ಬೇಕೆನಿಸಿ ಅಕಾಲದಲ್ಲಿ ಪಪ್ಪ ಹಲಸು ಹುಡುಕಿ ಹೋದದ್ದು. "ಅವನು ಹೊಟ್ಟೆಯಲ್ಲಿ ಇದ್ದಾಗ," ಎಂದಳು ಅಂಗಿಯ ಕಡೆ ಕೈ ತೋರಿಸಿ, ಪಕ್ಕದ ಕೋಣೆಯಲ್ಲಿರುವವನ ಸುದ್ದಿ ಹೇಳಿದ ಹಾಗೆ. ಡೆಬ್‌ಗೆ ಒಂದು ಪದವೂ ತಿಳಿಯದು. ನಗುವಲ್ಲಿ ನಕ್ಕಳು, ಅಳುವಲ್ಲಿ ಅತ್ತಳು, ಮಧ್ಯೆ ನಾಲ್ಕು ಸಾನ್ನಾಂ ಹೆಚ್ಚೇ ತಿಂದಳು. ರೋಶನ್‌ಗೆ ಉಪ್ಪು ಬೇಕೆಂದು ಬಾಯಿಬಿಟ್ಟು ಕೇಳುವ ಸ್ವಾತಂತ್ರ್ಯ ಸಿಕ್ಕಿತು.

ಡೆಬ್ ಹೊರಟ ಶನಿವಾರ ಅಮ್ಮನಿಗೆ ಆತ್ಮಸಾಕ್ಷಿ ಕಚ್ಚತೊಡಗಿತು. "ಎಷ್ಟಾದ್ರೂ ಅನ್ಯರ ಮೇಜು. ಪಾಪನಿವೇದನೆ ಮಾಡ್ಬೇಕು. ಇಗರ್ಜಿಗೆ ಬಿಡು," ಎಂದಳು. ಕಾರಿನಲ್ಲಿ ಕರೆದೊಯ್ದೆ. ಅಲ್ಲಿನ ಫಾದರ್ ವಿಯೆಟ್ನಾಮ್ ಮೂಲದ ವಯಸ್ಸಾದವರು, ಅವರ ಇಂಗ್ಲಿಷ್ ಒಂದು ಬಗೆ. ಅಮ್ಮನದು ಏಳನೆಯ ಕ್ಲಾಸಿನ ಇಂಗ್ಲಿಷ್, ಇನ್ನೊಂದು ಬಗೆ. ಒಳಗೆ ಹೋದವಳು ಐದೇ ನಿಮಿಷದಲ್ಲಿ ಹೊರಬಂದಳು. ಮುಖ ಹಗುರಾಗಿತ್ತು. ಕಾರು ಹತ್ತಿ ಬೆಲ್ಟ್ ಹಾಕಿಕೊಂಡ ಮೇಲೆ ಕೇಳಿದೆ.

"ಎಂತ ಹೇಳಿದೆ ಮಾಂಯ್?"

"ಹೇಳಬಾರದು. ಆದರೆ ನಿನಗೆ ಹೇಳ್ತೇನೆ. 'ಫಾ‌ದರ್, ಐ ಮೇಕ್ ಒನ್ ಶರ್ಟ್. ಫಾರ್ ಮೈ ಸನ್,' ಅಂದೆ. ಮುಂದೆ ಇಂಗ್ಲಿಷ್ ಬರ್ಲಿಲ್ಲ. ಅವರು, ಮಗನಿಗೆ ಎಷ್ಟು ವಯಸ್ಸು ಅಂತ ಕೇಳಿದರು. ನಾನು ಲೆಕ್ಕ ಹಾಕಿ, 'ಫಾರ್ಟಿ ತ್ರೀ,' ಅಂದೆ."

"ಅದಕ್ಕೆ?"

"ಭಾರಿ ಖುಷಿಪಟ್ಟರು. ಈ ಕಾಲದಲ್ಲಿ ಯಾವ ತಾಯಿ ಹೊಲಿದು ಕೊಡ್ತಾಳೆ, ಇದೆಂಥ ಪಾಪ, ನಿನ್ನ ಮಗ ಪುಣ್ಯವಂತ, ಅವನಿಗೆ ಅದು ಚೆನ್ನಾಗಿ ಹೊಂದಲಿ ಅಂತ ಆಶೀರ್ವಾದ ಮಾಡಿದರು."

ನಾನು ಕಾರು ಸ್ಟಾರ್ಟ್ ಮಾಡಿದೆ. ಫಾದರ್ ತಪ್ಪು ತಿಳಿದುಕೊಂಡರೆಂದು ವಿವರಿಸುವ ಮನಸ್ಸಾಗಲಿಲ್ಲ. ಅಮ್ಮನಿಗೆ ಅದು ತಿಳಿಯದೆ ಇತ್ತೆಂದೂ ನನಗನ್ನಿಸುವುದಿಲ್ಲ. ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಬೆರಳಿನಲ್ಲಿ ಮಡಿಲ ಮೇಲೆ ಏನೋ ಗೀಚುತ್ತಿದ್ದಳು, ಪಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದ ಹಾಗೆ. ಎರಡು ಸಿಗ್ನಲ್ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಬಾಯೆ, ಬರುವ ವರ್ಷ ಎರಡೂವರೆ ಮೀಟರ್ ಬಟ್ಟೆ ತಂದಿಡು. ನಲವತ್ತಮೂರು ಅಂದ ಮೇಲೆ ಅವನ ಎದೆ ಪಪ್ಪನಷ್ಟೇ ಇರ್ತದೆ."